ಶಟ್‌ಡೌನ್ ಕೊಟ್ಟರೆ ಮಳೆ ಲೆಕ್ಕದ ಪ್ರೋಗ್ರಾಂ ಒಂದೂವರೆ ನಿಮಿಷ ಬಿಡುವುದೇ ಇಲ್ಲ (ಡೆಬಿಯನ್ 12 ಲಿನಕ್ಸ್, ಪೈಥಾನ್)

ಮಳೆಲೆಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿದೆ. ಅಪ್ಪಯ್ಯ ಎಷ್ಟೋ ವರ್ಷದಿಂದ ಮಳೆ ಲೆಕ್ಕ ಬರೆದಿಡುತ್ತಾ ಬಂದಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಜಾರ್‌ಗೆ ಸುರಿದು, ಮಿಲಿಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹವಾಮಾನ ಇಲಾಖೆಯವರು ಅಳೆಯುವುದೂ ಎಂಟೂವರೆಗೇ. ಹಾಗಾಗಿ ಅವರು ಯಾವತ್ತೂ ಹೊತ್ತು ತಪ್ಪಿಸಿದವರಲ್ಲ. ಈಗ ಮಂಡಿ ನೋವು ಜಾಸ್ತಿಯಾಗಿದೆ. ಅಂಗಳಕ್ಕೆ ಇಳಿಯುವುದು ನಾನು, ಬರೆಯುವುದು ಮಾತ್ರ ಅವರೇ.

ಅವರಿಗೆ ಒಂದು ಆಸೆ ಇತ್ತು. "ರಾತ್ರಿ ಯಾವ ಹೊತ್ತಿಗೆ ಜೋರಾಗಿ ಹೊಡೆಯಿತು ಅಂತ ಈ ಡಬ್ಬಿ ಹೇಳುವುದಿಲ್ಲ ನೋಡು" ಅನ್ನುತ್ತಿದ್ದರು. ಹೋದ ವರ್ಷ ನಾನು ಟಿಪ್ಪಿಂಗ್ ಬಕೆಟ್ ಮಳೆಮಾಪಕ ತಂದು ಮಾಡಿನ ಅಂಚಿನಿಂದ ದೂರದಲ್ಲಿ ಕಂಬಕ್ಕೆ ಕೂರಿಸಿದೆ. 0.2 ಮಿ.ಮೀ. ಮಳೆ ಬಿದ್ದಾಗಲೆಲ್ಲ ಒಳಗಿನ ಪುಟ್ಟ ಬಟ್ಟಲು ಒಂದು ಸಲ ಮಗುಚುತ್ತದೆ. ಆಗ ಆರ್ಡುಯಿನೊ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಯುಎಸ್‌ಬಿ ತಂತಿಯಲ್ಲಿ ಒಂದು ಸಾಲು ಕಳಿಸುತ್ತದೆ. ಮಹಡಿಯಲ್ಲಿರುವ ಹಳೇ ಕಂಪ್ಯೂಟರಿನಲ್ಲಿ ನಾನೇ ಬರೆದ ಪೈಥಾನ್ ಪ್ರೋಗ್ರಾಂ ಅದನ್ನು ಎಣಿಸಿಕೊಂಡು, ಹತ್ತು ನಿಮಿಷಕ್ಕೊಮ್ಮೆ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಹಾಕುತ್ತದೆ. ಅಪ್ಪಯ್ಯ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಹಿಡಿದು ಹೊಸ ಕಾಲಂ ಎಳೆದಿದ್ದಾರೆ: "ಹೆಚ್ಚು ಬಿದ್ದ ಹೊತ್ತು".

ತೊಂದರೆ ಇರುವುದು ಕರೆಂಟಿನದು. ಮಳೆ ಜೋರಾದಾಗಲೇ ಎಲ್ಲೋ ಲೈನಿನ ಮೇಲೆ ಕೊಂಬೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದು, ನಾಲ್ಕೈದು ನಿಮಿಷ ಬಂದರೆ ಹೆಚ್ಚು. ಬ್ಯಾಟರಿ ಇಳಿಯಿತು ಅಂದ ಕೂಡಲೇ ಯುಪಿಎಸ್ ಮೇಲೆ ಕಣ್ಣಿಡುವ ನಟ್ ಸಾಫ್ಟ್‌ವೇರ್ ಶಟ್‌ಡೌನ್ ಕೊಡುತ್ತದೆ. ಅಲ್ಲಿಗೆ ಪರದೆಯ ಮೇಲೆ ಕೆಂಪು ನಕ್ಷತ್ರ ಚಿಹ್ನೆಗಳು ಆಚೆಗೂ ಈಚೆಗೂ ಓಡಾಡಲು ಶುರು. ಪಕ್ಕದಲ್ಲಿ "ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್ ಮಳೆಲೆಕ್ಕ" ಅಂತ ಬರುತ್ತದೆ (ಪ್ರೋಗ್ರಾಂ ಹೆಸರೂ ಮಳೆಲೆಕ್ಕವೇ), ಮುಂದೆ ಸೆಕೆಂಡು ಏರುತ್ತಾ ಹೋಗುತ್ತದೆ, ಮಿತಿ 1 ನಿಮಿಷ 30 ಸೆಕೆಂಡು. ಅಷ್ಟು ಹೊತ್ತು ಬ್ಯಾಟರಿ ತಡೆಯುವುದಿಲ್ಲ. ನಡುವೆಯೇ ಎಲ್ಲ ಕತ್ತಲೆ.

ಕಂಪ್ಯೂಟರ್ ಆಫ್ ಇದ್ದಾಗಿನ ಮಳೆ ಸಿಗುವುದಿಲ್ಲ, ಅದು ಗೊತ್ತು. ಆದರೆ ಎಣಿಸಿ ಆಗಿದ್ದ ಕೊನೆಯ ಹತ್ತು ನಿಮಿಷವೂ ಹೋಗುತ್ತಿದೆ. ನಮಗೆ ಬೇಕಾಗಿದ್ದು ಅದೇ ಹತ್ತು ನಿಮಿಷ. ಈ ತಿಂಗಳು ಮೂರು ದಿನ ಆ ಕಾಲಂನಲ್ಲಿ ಅಪ್ಪಯ್ಯ ಬರೀ ಒಂದು ಅಡ್ಡಗೆರೆ ಎಳೆದಿದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ವಿಚಿತ್ರ. ಮೊದಲು ಈ ಹ್ಯಾಂಗ್ ಇರಲಿಲ್ಲ, ತಕ್ಷಣ ಆಫ್ ಆಗುತ್ತಿತ್ತು. "ಆಫ್ ಆಗುವ ಮುಂಚೆ ಉಳಿದ ಎಣಿಕೆ ಫೈಲಿಗೆ ಹಾಕು" ಅಂತ ಸಿಗ್ನಲ್ ಹ್ಯಾಂಡ್ಲರ್ (ಸಿಸ್ಟಮ್ ಕಳಿಸುವ ಸೂಚನೆ ಬಂದಾಗ ಓಡುವ ಫಂಕ್ಷನ್) ಸೇರಿಸಿದ ಮೇಲೆ ಶುರುವಾಯಿತು. ಇನ್ನೊಂದು, ಆರೇಳು ಸಲಕ್ಕೆ ಒಂದು ಸಲ ಬೇಗ ಆಫ್ ಆಗುತ್ತದೆ. ಯಾಕೆ ಅಂತ ಹೊಳೆಯುತ್ತಿಲ್ಲ.


ಕರಾವಳಿ ಕೋಡ್

ಇದಕ್ಕೆ ಸುಲಭದ ದಾರಿ ಇದೆ. ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು) ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿಯ ಸಿಸ್ಟಮ್.ಕಾನ್ಫ್ ಫೈಲಿನಲ್ಲಿ ಡಿಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್ ಅಂತ ಒಂದು ಸಾಲು ಇರುತ್ತದೆ. ಮೊದಲಿನಿಂದ 90 ಸೆಕೆಂಡು ಇರುತ್ತದೆ. ಸಾಲಿನ ಮೊದಲಿಗಿರುವ ಹ್ಯಾಷ್ (#) ತೆಗೆದು 10 ಮಾಡಿ. ಹತ್ತು ಸೆಕೆಂಡಿಗೆ ಎಲ್ಲ ಮುಗಿಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಮಾಡಿಟ್ಟಿದ್ದೇನೆ.


ಹಳೇ ಸರ್ವರ್

ಕರಾವಳಿ ಕೋಡ್ ಅವರೇ, ಲ್ಯಾಪ್‌ಟಾಪಿಗೆ ಅದು ನಡೆಯುತ್ತದೆ. ಇವರಿಗೆ ನಡೆಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಶಟ್‌ಡೌನ್ ಹೊತ್ತಿಗೆ ಸಿಸ್ಟಮ್‌ಡಿ ಮೊದಲು ಸಿಗ್‌ಟರ್ಮ್ ಕಳಿಸುತ್ತದೆ. "ಕೆಲಸ ಮುಗಿಸಿ ಹೊರಡು" ಅಂತ ಅದರ ಅರ್ಥ. ಪ್ರೋಗ್ರಾಂ ಹೊರಡಲಿಲ್ಲ ಅಂದರೆ 90 ಸೆಕೆಂಡು ಕಾದು ಸಿಗ್‌ಕಿಲ್ ಕಳಿಸುತ್ತದೆ. ಅದು ಬಂದರೆ ಹ್ಯಾಂಡ್ಲರ್ ಓಡುವುದಿಲ್ಲ, ಫೈಲಿಗೆ ಏನೂ ಹೋಗುವುದಿಲ್ಲ, ನಿಂತ ನಿಲುವಿನಲ್ಲೇ ಸಾಯಿಸುತ್ತದೆ. 90 ಅನ್ನು 10 ಮಾಡಿದರೆ ಹತ್ತನೇ ಸೆಕೆಂಡಿಗೆ ಸಾಯಿಸುತ್ತದೆ ಅಷ್ಟೇ. ಇವರ ಕೊನೆಯ ಹತ್ತು ನಿಮಿಷ ಆಗಲೂ ಹೋಗುತ್ತದೆ. ಅದೂ ಅಲ್ಲದೆ ಆ ಸಾಲು ಎಲ್ಲ ಸರ್ವಿಸ್‌ಗಳಿಗೂ ಅನ್ವಯ. ನಿಜಕ್ಕೂ ಸಮಯ ಬೇಕಾದ ಡೇಟಾಬೇಸಿಗೂ ಹತ್ತೇ ಸೆಕೆಂಡು ಸಿಗುತ್ತದೆ.

ಮಳೆಲೆಕ್ಕ ಅವರೇ, ಮೊದಲು ಎರಡು ಕೆಲಸ ಮಾಡಿ. ಜರ್ನಲ್‌ಸಿಟಿಎಲ್‌ಗೆ -ಬಿ -1 ಕೊಟ್ಟು ಹಿಂದಿನ ಬೂಟ್‌ನ ಲಾಗ್ ತೆಗೆದು ಕೊನೆಯ ಸಾಲುಗಳನ್ನು ನೋಡಿ. ಅರ್ಧಕ್ಕೇ ಕರೆಂಟು ಹೋದ ಬೂಟ್‌ನಲ್ಲಿ ಕೊನೆಯ ಸಾಲು ಇರಲಿಕ್ಕಿಲ್ಲ, ಕರೆಂಟು ಇದ್ದಾಗ ಒಂದು ಸಲ ಶಟ್‌ಡೌನ್ ಕೊಟ್ಟು ನೋಡಿ. ಆಮೇಲೆ ಪ್ರತಿ ಸಲ ಕಂಪ್ಯೂಟರ್ ಆಫ್ ಮಾಡಿ ಪರೀಕ್ಷೆ ಮಾಡಬೇಕಿಲ್ಲ. ಸಿಸ್ಟಮ್‌ಸಿಟಿಎಲ್ ಸ್ಟಾಪ್ ಮಳೆಲೆಕ್ಕ ಅಂತ ಕೊಟ್ಟರೂ ಅದೇ ಸಿಗ್‌ಟರ್ಮ್, ಅದೇ 90 ಸೆಕೆಂಡು. ಆ ಆಜ್ಞೆಯ ಮೊದಲಿಗೆ ಟೈಮ್ ಅಂತ ಸೇರಿಸಿದರೆ ಎಷ್ಟು ಹೊತ್ತು ಹಿಡಿಯಿತು ಅಂತಲೂ ಗೊತ್ತಾಗುತ್ತದೆ.

ಹ್ಯಾಂಡ್ಲರ್‌ನಲ್ಲಿ ಏನು ಬರೆದಿದ್ದೀರಿ, ಹತ್ತು ನಿಮಿಷ ಕಾಯುವುದು ಹೇಗೆ, ಇವೆರಡು ಹೇಳಿ.


ಮಳೆಲೆಕ್ಕ

ನೀವು ಹೇಳಿದ ಹಾಗೇ ಮಾಡಿದೆ. ಲಾಗ್‌ನಲ್ಲಿ "ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್, ಕಿಲ್ಲಿಂಗ್" ಅಂತ ಇದೆ. ಅದರ ಕೆಳಗೆ ಪೈಥಾನ್3 ಪ್ರೊಸೆಸ್‌ಗೆ ಸಿಗ್‌ಕಿಲ್ ಕೊಟ್ಟಿದ್ದು, ಕೊನೆಗೆ "ಫೇಲ್ಡ್ ವಿತ್ ರಿಸಲ್ಟ್ ಟೈಮ್‌ಔಟ್".

ಕೋಡ್ ಸಣ್ಣದು. ಹ್ಯಾಂಡ್ಲರ್‌ನಲ್ಲಿ ಒಂದೇ ಸಾಲು, "ಓಡುತ್ತಿದೆ" ಅನ್ನುವ ವೇರಿಯಬಲ್ ಅನ್ನು ಫಾಲ್ಸ್ ಮಾಡುತ್ತದೆ. ಮುಖ್ಯ ಲೂಪ್ "ಓಡುತ್ತಿದೆ" ಟ್ರೂ ಇರುವವರೆಗೆ ಸುತ್ತುತ್ತದೆ. ಒಳಗೆ ಟೈಮ್.ಸ್ಲೀಪ್(600), ಆಮೇಲೆ ಉಳಿಸು ಫಂಕ್ಷನ್. ಆರ್ಡುಯಿನೊ ಸಾಲು ಬರುವ ಸೀರಿಯಲ್ ಪೋರ್ಟ್ ಓದಲು ಬೇರೆ ಥ್ರೆಡ್ (ಪ್ರೋಗ್ರಾಂ ಒಳಗೇ ಜೊತೆಜೊತೆಗೆ ಓಡುವ ಇನ್ನೊಂದು ಎಳೆ) ಇದೆ, ಅದೂ ಅದೇ ವೇರಿಯಬಲ್ ನೋಡಿಕೊಂಡು ಸುತ್ತುತ್ತದೆ.

ಸಿಗ್ನಲ್ ಬಂದರೆ ಸ್ಲೀಪ್ ನಡುವೆಯೇ ಎಚ್ಚರ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಅದನ್ನೇ ನಂಬಿ ಬರೆದದ್ದು.


ಪೈಥಾನ್ ಪಾಠ

ನೀವು ಓದಿದ್ದು ಸುಳ್ಳಲ್ಲ, ಹಳೆಯದು. 2015ರಲ್ಲಿ ಬಂದ ಪೈಥಾನ್ 3.5ಕ್ಕಿಂತ ಮುಂಚೆ ಹಾಗೇ ಇತ್ತು. ಆ ಆವೃತ್ತಿಯಲ್ಲಿ ಪೆಪ್ 475 ಅನ್ನುವ ಬದಲಾವಣೆ ಸೇರಿತು. ಅಲ್ಲಿಂದೀಚೆಗೆ ಸಿಗ್ನಲ್ ಬಂದರೆ ಹ್ಯಾಂಡ್ಲರ್ ಓಡುತ್ತದೆ, ಮುಗಿದ ಕೂಡಲೇ ಸ್ಲೀಪ್ ಉಳಿದ ಹೊತ್ತಿಗೆ ಮತ್ತೆ ಮಲಗುತ್ತದೆ. ಹ್ಯಾಂಡ್ಲರ್ ಎಕ್ಸೆಪ್ಷನ್ ಎಸೆದರೆ ಮಾತ್ರ ಪೂರ್ತಿ ಎಚ್ಚರ. ನಿಮ್ಮ ಹ್ಯಾಂಡ್ಲರ್ ವೇರಿಯಬಲ್ ಬದಲಿಸಿ ಸುಮ್ನೆ ವಾಪಸ್ ಬರುತ್ತದೆ. ಅಂದರೆ "ಹೊರಡು" ಅಂದದ್ದು ಕೇಳಿಸಿದೆ, ತಲೆಯಲ್ಲೂ ಇಟ್ಟುಕೊಂಡಿದೆ, ಆದರೆ ನಿದ್ದೆ ಮುಗಿಯದೆ ಏಳುವುದಿಲ್ಲ.

ನಿಮ್ಮ ಆರೇಳು ಸಲದ ಲೆಕ್ಕವೂ ಇಲ್ಲೇ ಇದೆ. 600 ಸೆಕೆಂಡಿನ ನಿದ್ದೆಯಲ್ಲಿ ಕೊನೆಯ 90 ಸೆಕೆಂಡಿನೊಳಗೆ ಸಿಗ್‌ಟರ್ಮ್ ಬಂದರೆ ಮಾತ್ರ ತಾನಾಗಿ ಎದ್ದು ಮುಗಿಸುತ್ತದೆ. 600ರಲ್ಲಿ 90 ಅಂದರೆ ನೂರಕ್ಕೆ ಹದಿನೈದು, ಸುಮಾರು ಆರೇಳಕ್ಕೆ ಒಂದು. ನೀವು ಅಷ್ಟು ಗಮನ ಇಟ್ಟು ಎಣಿಸಿದ್ದಕ್ಕೆ ಇದು ಕೂಡಲೇ ಹೊಳೆಯಿತು.

ಮೊದಲು ಯಾಕೆ ಬೇಗ ಆಫ್ ಆಗುತ್ತಿತ್ತು ಅಂದರೆ, ಹ್ಯಾಂಡ್ಲರ್ ಇಲ್ಲದಿದ್ದರೆ ಸಿಗ್‌ಟರ್ಮ್ ಬಂದ ತಕ್ಷಣ ಪೈಥಾನ್ ಸತ್ತೇ ಹೋಗುತ್ತದೆ. ಕೊನೆಗೆ ಓಡಲಿ ಅಂತ ಬರೆಯುವ ಫೈನಲಿ ಬ್ಲಾಕ್ ಕೂಡ ಓಡುವುದಿಲ್ಲ.

ಸರಿ ಮಾಡುವುದು ಹೀಗೆ. ಥ್ರೆಡಿಂಗ್.ಇವೆಂಟ್ ಒಂದು ಮಾಡಿಕೊಳ್ಳಿ, ನಿಲ್ಲು ಅಂತ ಹೆಸರಿಡಿ. ಸ್ಲೀಪ್ ಇದ್ದ ಕಡೆ ನಿಲ್ಲು.ವೇಟ್(600) ಹಾಕಿ. ಹ್ಯಾಂಡ್ಲರ್‌ನಲ್ಲಿ ನಿಲ್ಲು.ಸೆಟ್() ಹಾಕಿ. ಸೆಟ್ ಆದ ಕ್ಷಣ ವೇಟ್ ಮುಗಿಯುತ್ತದೆ. ಲೂಪ್ ಹೊರಗೆ ಇನ್ನೊಂದು ಸಲ ಉಳಿಸು ಕರೆಯುವುದನ್ನು ಮರೆಯಬೇಡಿ.


ಮಳೆಲೆಕ್ಕ

ನೂರು ನಮಸ್ಕಾರ! ನಾಲ್ಕು ಸಾಲು ಬದಲಿಸಿದೆ. ಟೈಮ್ ಹಾಕಿ ನೋಡಿದೆ, ಎರಡು ಸೆಕೆಂಡಿನಲ್ಲಿ ನಿಂತಿತು. ಹೊರಗೆ ಪುನರ್ವಸು ಮಳೆ ಧೋ ಅಂತ ಹೊಯ್ಯುತ್ತಿದೆ. ಸಂಜೆಯಿಂದ ಹತ್ತು ಸಲ ಸ್ಟಾಪ್ ಕೊಟ್ಟು ನೋಡಿದ್ದೇನೆ. ಹತ್ತಕ್ಕೆ ಹತ್ತೂ ಸರಿ ಬಂತು.


ಮಳೆಲೆಕ್ಕ

ಎಂಟು ದಿನ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಹ್ಯಾಂಗ್ ವಾಪಸ್ ಬಂದಿದೆ.

ನಿನ್ನೆಯಿಂದ ಮಳೆ ಹೊಳವಾಗಿದೆ, ಬಿಸಿಲೂ ಬಂದಿದೆ. ಮಧ್ಯಾಹ್ನ ಲೈನ್ ರಿಪೇರಿಗೆ ಅಂತ ಕರೆಂಟು ತೆಗೆದರು. ಮಹಡಿಗೆ ಹೋಗಿ ನೋಡಿದರೆ ಅದೇ ಕೆಂಪು ಚಿಹ್ನೆ ಓಡಾಡುತ್ತಿತ್ತು. ಕರೆಂಟು ಬಂದ ಮೇಲೆ ಸ್ಟಾಪ್ ಕೊಟ್ಟು ನೋಡಿದೆ, ಪೂರ್ತಿ 90 ಸೆಕೆಂಡು. ಈ ಸಲ ಆರೇಳಕ್ಕೆ ಒಂದೂ ಇಲ್ಲ, ಪ್ರತಿ ಸಲವೂ 90. ಕೋಡ್ ಮುಟ್ಟಿಲ್ಲ. ಮಳೆ ಇದ್ದಾಗ ಸರಿ, ಬಿಸಿಲಿದ್ದಾಗ ಹ್ಯಾಂಗ್. ಹೀಗೂ ಆಗುತ್ತದಾ?


ಲ್ಯಾಬ್ ಮೇಷ್ಟ್ರು

ನಮ್ಮ ಲ್ಯಾಬಿನಲ್ಲಿ ಇಂಥದ್ದೇ ಆಗಿತ್ತು, ಕಾರಣ ಬೇರೆ. ನಾವು ನೆಟ್‌ವರ್ಕ್ ಡ್ರೈವ್‌ಗೆ ಫೈಲ್ ಬರೆಯುತ್ತಿದ್ದೆವು. ಶಟ್‌ಡೌನ್‌ನಲ್ಲಿ ನೆಟ್‌ವರ್ಕ್ ಮೊದಲು ಹೋಗಿ, ಪ್ರೋಗ್ರಾಂ ಬರೆಯುತ್ತಲೇ ಸಿಕ್ಕಿಕೊಳ್ಳುತ್ತಿತ್ತು. ಪ್ರೊಸೆಸ್‌ಗಳ ಸ್ಥಿತಿ ತೋರಿಸುವ ಪಿಎಸ್ ಆಜ್ಞೆ ಕೊಟ್ಟರೆ ಡಿ ಅಂತ ತೋರಿಸುತ್ತಿತ್ತು. ಆ ಸ್ಥಿತಿಯಲ್ಲಿ ಸಿಗ್‌ಕಿಲ್‌ಗೂ ಜಗ್ಗದೆ ಕೂತುಬಿಡುತ್ತದೆ. ಸರ್ವಿಸ್‌ನ ಸೆಟ್ಟಿಂಗ್ ಇರುವ ಯುನಿಟ್ ಫೈಲಿನಲ್ಲಿ ಆಫ್ಟರ್ ಅಂತ ಬರೆದು ನೆಟ್‌ವರ್ಕ್ ಡ್ರೈವ್‌ಗಳ ರಿಮೋಟ್-ಎಫ್‌ಎಸ್ ಟಾರ್ಗೆಟ್ ಸೇರಿಸಿದೆವು. ಆನ್ ಆಗುವಾಗ ಅದರ ನಂತರ ಶುರುವಾಗುತ್ತದೆ, ಆಫ್ ಆಗುವಾಗ ಕ್ರಮ ತಿರುಗಿ ಅದಕ್ಕಿಂತ ಮೊದಲು ನಿಲ್ಲುತ್ತದೆ. ನಿಮ್ಮದು ಒಳಗಿನ ಡಿಸ್ಕ್‌ಗೇ ಬರೆಯುವುದಾದರೆ ಇದು ಅಲ್ಲ. ಆದರೂ ಒಮ್ಮೆ ಪಿಎಸ್ ನೋಡಿ.


ಹಳೇ ಸರ್ವರ್

ಮಳೆಗೂ ಹ್ಯಾಂಗ್‌ಗೂ ಖಂಡಿತ ಸಂಬಂಧ ಇದೆ. ಏನು ಅಂತ ನನಗೆ ಒಂದು ಊಹೆ ಇದೆ, ಆದರೆ ಊಹೆ ಬೇಡ, ಪ್ರೋಗ್ರಾಂನ್ನೇ ಕೇಳೋಣ.

ಪೈಥಾನ್ ಜೊತೆಗೇ ಫಾಲ್ಟ್‌ಹ್ಯಾಂಡ್ಲರ್ ಅಂತ ಒಂದು ಮಾಡ್ಯೂಲ್ ಬರುತ್ತದೆ. ಅದನ್ನು ಇಂಪೋರ್ಟ್ ಮಾಡಿ, ಸಿಗ್‌ಯೂಸರ್1ಕ್ಕೆ ರಿಜಿಸ್ಟರ್ ಮಾಡಿ. ಎರಡೇ ಸಾಲು. ಆಮೇಲೆ ಒಂದು ಟರ್ಮಿನಲ್‌ನಲ್ಲಿ ಸ್ಟಾಪ್ ಕೊಡಿ. ಅದು ಸಿಕ್ಕಿಕೊಂಡಿರುವಾಗಲೇ ಇನ್ನೊಂದು ಟರ್ಮಿನಲ್‌ನಿಂದ ಆ ಪ್ರೊಸೆಸ್‌ಗೆ ಸಿಗ್‌ಯೂಸರ್1 ಕಳಿಸಿ. ಯಾವ ಥ್ರೆಡ್ ಯಾವ ಸಾಲಿನಲ್ಲಿ ನಿಂತಿದೆ ಅಂತ ಲಾಗ್‌ನಲ್ಲಿ ಬರುತ್ತದೆ.


ಮಳೆಲೆಕ್ಕ

ಮೇಷ್ಟ್ರೇ, ಪಿಎಸ್‌ನಲ್ಲಿ ಎಸ್ (ಸುಮ್ಮನೆ ಕಾಯುವ ಸ್ಥಿತಿ) ಅಂತ ಇದೆ, ಡಿ ಇಲ್ಲ. ಒಳಗಿನ ಡಿಸ್ಕೇ.

ಫಾಲ್ಟ್‌ಹ್ಯಾಂಡ್ಲರ್ ಹಾಕಿದೆ. ಲಾಗ್‌ನಲ್ಲಿ ಎರಡು ಥ್ರೆಡ್ ಕಾಣಿಸಿತು. ಮುಖ್ಯ ಥ್ರೆಡ್ ಥ್ರೆಡಿಂಗ್ ಫೈಲಿನ ಶಟ್‌ಡೌನ್ ಅನ್ನುವ ಫಂಕ್ಷನ್‌ನಲ್ಲಿದೆ. ಅದು ನಾನು ಬರೆದದ್ದಲ್ಲ. ಇನ್ನೊಂದು ಪೋರ್ಟ್ ಓದುವ ಪೈಸೀರಿಯಲ್ ಲೈಬ್ರರಿಯ ರೀಡ್‌ನಲ್ಲಿದೆ, ಅದನ್ನು ಕರೆದದ್ದು ನನ್ನ 41ನೇ ಸಾಲು. ಪೋರ್ಟ್.ರೀಡ್‌ಲೈನ್().

ಬರೆಯುತ್ತಾ ಬರೆಯುತ್ತಾ ನನಗೇ ಗೊತ್ತಾಯಿತು ಅನ್ನಿಸುತ್ತಿದೆ. ಬಟ್ಟಲು ಮಗುಚಿದರೆ ಮಾತ್ರ ಒಂದು ಸಾಲು ಬರುತ್ತದೆ. ರೀಡ್‌ಲೈನ್ ಆ ಸಾಲಿಗೆ ಕಾಯುತ್ತಾ ಕೂತಿದೆ. ಮಳೆ ಹೊಯ್ಯುತ್ತಿದ್ದರೆ ಕೆಲವು ಸೆಕೆಂಡಿಗೆ ಒಂದು ಸಾಲು ಬಂದು ಲೂಪ್ ತಿರುಗುತ್ತದೆ, ನಿಲ್ಲು ಅನ್ನುವುದು ಕಾಣಿಸುತ್ತದೆ, ಹೊರಗೆ ಬರುತ್ತದೆ. ಬಿಸಿಲಿನಲ್ಲಿ ಸಾಲೇ ಇಲ್ಲ. ಮುಂದಿನ ಮಳೆ ಬರುವವರೆಗೂ ಕಾಯುತ್ತದೆ. ಸರಿನಾ?


ಪೈಥಾನ್ ಪಾಠ

ಪೂರ್ತಿ ಸರಿ. ಪೈಸೀರಿಯಲ್‌ನಲ್ಲಿ ಟೈಮ್‌ಔಟ್ ಕೊಡದಿದ್ದರೆ ರೀಡ್‌ಲೈನ್ ಸಾಲು ಬರುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತದೆ. ಮುಖ್ಯ ಥ್ರೆಡ್ ಮುಗಿದ ಮೇಲೂ ಉಳಿದ ಸಾಮಾನ್ಯ ಥ್ರೆಡ್‌ಗಳು ಮುಗಿಯಲಿ ಅಂತ ಪೈಥಾನ್ ಕಾಯುತ್ತದೆ. ನೀವು ನೋಡಿದ ಆ ಶಟ್‌ಡೌನ್ ಫಂಕ್ಷನ್ ಮಾಡುವುದು ಅದೇ.

ಪೋರ್ಟ್ ತೆರೆಯುವಾಗ ಟೈಮ್‌ಔಟ್=1 ಕೊಡಿ. ಸೆಕೆಂಡಿಗೊಮ್ಮೆ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ, ನಿಲ್ಲು ಸೆಟ್ ಆಗಿದೆಯಾ ನೋಡಿ ಮತ್ತೆ ಹೋಗುತ್ತದೆ. ಡೀಮನ್=ಟ್ರೂ ಕೊಟ್ಟರೆ ಸಾಕು ಅಂತ ಯಾರಾದರೂ ಹೇಳಬಹುದು. ಹ್ಯಾಂಗ್ ಏನೋ ಹೋಗುತ್ತದೆ. ಆದರೆ ಡೀಮನ್ ಥ್ರೆಡ್ ಅನ್ನು ಯಾವ ಸಾಲಿನಲ್ಲಿದ್ದರೂ ಅಲ್ಲೇ ಬಿಟ್ಟು ಹೋಗುತ್ತಾರೆ. ಲೆಕ್ಕ ಬರೆಯುವ ಥ್ರೆಡ್‌ಗೆ ಅದು ಬೇಡ.


ಹಳೇ ಸರ್ವರ್

ನನ್ನ ಊಹೆಯೂ ಅದೇ ಆಗಿತ್ತು. ಈಗ ಇನ್ನೊಂದು ಮಾತು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹತ್ತು ನಿಮಿಷದ ಎಣಿಕೆಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದೇ ಬೇಡ. ಬಟ್ಟಲು ಮಗುಚಿದ ಕ್ಷಣ ಸಮಯದ ಜೊತೆ ಒಂದು ಸಾಲು ಎಸ್‌ಕ್ಯೂಲೈಟ್‌ಗೆ ಹಾಕಿ ಕಮಿಟ್ ಮಾಡಿ. ದಿನಕ್ಕೆ 100 ಮಿ.ಮೀ. ಮಳೆ ಬಂದರೂ 0.2ರ ಲೆಕ್ಕದಲ್ಲಿ 500 ಸಾಲು. ಎಷ್ಟು ಹಳೇ ಡಿಸ್ಕ್ ಆದರೂ ಅದು ಲೆಕ್ಕಕ್ಕೇ ಇಲ್ಲ. ಬರೆದದ್ದು ಡಿಸ್ಕ್ ಸೇರುವುದನ್ನು ಖಾತ್ರಿ ಮಾಡುವ ಎಸ್‌ಕ್ಯೂಲೈಟ್‌ನ ಸಿಂಕ್ರೊನಸ್ ಸೆಟ್ಟಿಂಗ್ ಮೊದಲಿನಿಂದ ಫುಲ್ ಇರುತ್ತದೆ, ವೇಗಕ್ಕೆ ಅಂತ ಅದನ್ನು ಇಳಿಸಬೇಡಿ. ಹೀಗೆ ಮಾಡಿದರೆ ಪ್ಲಗ್ ಕಿತ್ತರೂ ಎಣಿಸಿದ್ದು ಉಳಿಯುತ್ತದೆ.

ಶಟ್‌ಡೌನ್ ನೆಟ್ಟಗೆ ಆಗಲೇಬೇಕು, ಅದಕ್ಕೆ ಇಷ್ಟು ಕಷ್ಟಪಟ್ಟದ್ದು ಸರಿ. ಆದರೆ ನಿಮ್ಮೂರಿನ ಕರೆಂಟು ಯಾವಾಗಲೂ ಶಟ್‌ಡೌನ್‌ಗೆ ಸಮಯ ಕೊಡುತ್ತದೆ ಅಂತ ನಂಬಬೇಡಿ.

ಯುನಿಟ್ ಫೈಲಿಗೆ ಟೈಮ್‌ಔಟ್‌ಸ್ಟಾಪ್‌ಸೆಕ್=15 ಅಂತ ಹಾಕಿ. ಕರಾವಳಿ ಕೋಡ್ ಅವರ ಉಪಾಯವೇ, ಆದರೆ ಈ ಒಂದು ಸರ್ವಿಸ್‌ಗೆ ಮಾತ್ರ. ಮತ್ತೆ ಹಳೇ ಬ್ಯಾಟರಿ "ಇಳಿಯಿತು" ಅಂತ ಹೇಳುವುದೇ ತಡ. ನಟ್‌ನಲ್ಲಿ ಯುಪಿಎಸ್‌ಶೆಡ್ ಅಂತ ಇದೆ. ಕರೆಂಟು ಹೋಗಿ ಎರಡು ನಿಮಿಷ ಆದರೆ ಬ್ಯಾಟರಿ ಏನೇ ಹೇಳಲಿ ಶಟ್‌ಡೌನ್ ಕೊಡು ಅಂತ ಅದರಲ್ಲಿ ಟೈಮರ್ ಇಡಬಹುದು.


ಕರಾವಳಿ ಕೋಡ್

ಒಪ್ಪಿದೆ ಸರ್. ನನ್ನ ಲ್ಯಾಪ್‌ಟಾಪಿನಲ್ಲೂ ಯಾವ ಸರ್ವಿಸ್ ತಡ ಮಾಡುತ್ತಿದೆ ಅಂತ ನಾನು ಯಾವತ್ತೂ ನೋಡಿರಲಿಲ್ಲ. ಇವತ್ತು ಲಾಗ್ ತೆಗೆದು ನೋಡಿದೆ. ಯಾವತ್ತೋ ಹಾಕಿ ಮರೆತಿದ್ದ ಬ್ಯಾಕಪ್ ಸ್ಕ್ರಿಪ್ಟ್ ಅದು. ತೆಗೆದು, ಸೆಟ್ಟಿಂಗ್ ವಾಪಸ್ 90 ಮಾಡಿದ್ದೇನೆ.


ಮಳೆಲೆಕ್ಕ

ಎಲ್ಲ ಮಾಡಿದೆ. ಒಂದು ಕಡೆ ಎಡವಿದೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತೇನೆ. ಉಳಿಸುವ ಕೆಲಸವನ್ನು ಪೋರ್ಟ್ ಓದುವ ಥ್ರೆಡ್‌ಗೆ ಕೊಟ್ಟ ಕೂಡಲೇ ಎಸ್‌ಕ್ಯೂಲೈಟ್ ತಪ್ಪು ತೋರಿಸಿತು. ಒಂದು ಥ್ರೆಡ್‌ನಲ್ಲಿ ತೆರೆದ ಕನೆಕ್ಷನ್ ಅನ್ನು ಇನ್ನೊಂದರಲ್ಲಿ ಬಳಸಲು ಬಿಡುವುದಿಲ್ಲ. ಕನೆಕ್ಷನ್ ತೆರೆಯುವ ಸಾಲನ್ನೇ ಆ ಥ್ರೆಡ್ ಒಳಗೆ ಹಾಕಿದೆ, ಸರಿಯಾಯಿತು. ಈಗ ಮುಖ್ಯ ಥ್ರೆಡ್‌ಗೆ ಕಾಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಬಿಸಿಲಿನಲ್ಲಿ ಸ್ಟಾಪ್ ಕೊಟ್ಟು ನೋಡಿದೆ, ಒಂದು ಸೆಕೆಂಡಿನ ಒಳಗೆ ನಿಂತಿತು. ಮಳೆ ಬಂದಂತೆ ಮಾಡಲು ಲೋಟದಿಂದ ಸಣ್ಣಗೆ ನೀರು ಬಿಟ್ಟೂ ನೋಡಿದೆ. ಆ ಸಾಲುಗಳನ್ನು ಆಮೇಲೆ ಫೈಲಿನಿಂದ ಅಳಿಸಿದ್ದೇನೆ, ಅಪ್ಪಯ್ಯನ ಲೆಕ್ಕಕ್ಕೆ ಲೋಟದ ನೀರು ಸೇರಬಾರದು.

ನಿನ್ನೆ ರಾತ್ರಿ ಮಳೆ ಮತ್ತೆ ಹಿಡಿಯಿತು. 2.21ಕ್ಕೆ ಕರೆಂಟು ಹೋಯಿತು. ಎದ್ದು ಮಹಡಿಗೆ ಹೋಗುವಷ್ಟರಲ್ಲಿ ಯುಪಿಎಸ್ ಬೀಪ್ ಅನ್ನುತ್ತಿತ್ತು. ಟಾರ್ಚ್ ಹಿಡಿದು ಪರದೆ ಮುಂದೆ ನಿಂತೆ. 2.23ಕ್ಕೆ ಶಟ್‌ಡೌನ್ ಶುರುವಾಯಿತು. ನಾಲ್ಕೈದು ಸಾಲು ಸರಸರ ಓಡಿ ಪರದೆ ಆರಿತು. ಕೆಂಪು ಚಿಹ್ನೆ ಬರಲೇ ಇಲ್ಲ. ಬ್ಯಾಟರಿಯಲ್ಲಿ ಇನ್ನೂ ಜೀವ ಇತ್ತು.

ಬೆಳಿಗ್ಗೆ ಕರೆಂಟು ಬಂದ ಮೇಲೆ ಫೈಲ್ ತೆಗೆದೆ. 2.10ರಿಂದ 2.20ರ ನಡುವೆ ಬಟ್ಟಲು 57 ಸಲ ಮಗುಚಿದೆ. ಹತ್ತು ನಿಮಿಷಕ್ಕೆ 11.4 ಮಿ.ಮೀ. ಕೊನೆಯ ಸಾಲು 2.23ರದ್ದು. ಒಂದೂ ಹೋಗಿಲ್ಲ.

ಎಂಟೂವರೆಗೆ ಡಬ್ಬಿಯ ನೀರು ಅಳೆದು ಬಂದು ಎರಡನ್ನೂ ಹೇಳಿದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು, ಮೊದಲು ದಿನದ ಮೊತ್ತ ಬರೆದರು. ಆಮೇಲೆ ಹೊಸ ಕಾಲಂನಲ್ಲಿ "ರಾತ್ರಿ 2.10 - 2.20" ಅಂತ ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 11.4 ಅಂತಲೂ ಸೇರಿಸಿದರು. "ಆ ಹೊತ್ತಿಗೆ ನನಗೂ ಎಚ್ಚರ ಆಗಿತ್ತು" ಅಂದರು.